ಪುಟದಡಿಯ ಒಂದು ಸಾಲು: ಮ್ಯೂಸಿಯಂ ಬುಲೆಟಿನ್ ಒಂದರ ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ಆದ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಮ್ಯೂಸಿಯಂ ಯಾವುದು, ಊರು ಯಾವುದು, ಲೇಖಕಿ ಯಾರು ಎಂಬುದನ್ನೆಲ್ಲ ಮರೆಸಿದ್ದೇನೆ. ಜೀವಿಯ ಗುಂಪನ್ನೂ ಬದಲಿಸಿದ್ದೇನೆ. ನಮ್ಮಲ್ಲಿ ಒಂದೊಂದು ಗುಂಪಿನ ಮೇಲೆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಜನ. ಗುಂಪು ಹೇಳಿದರೆ ಹೆಸರು ಹೇಳಿದ ಹಾಗೆಯೇ. ಹಳ್ಳದ ಏಡಿ ಎಂದಿಟ್ಟುಕೊಳ್ಳಿ. ನಿಯಮಗಳು, ಇಸವಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ದಕ್ಷಿಣ ಭಾರತದ ಒಂದು ಹಳೆಯ ನಿಸರ್ಗ ಇತಿಹಾಸ ಮ್ಯೂಸಿಯಂ. ಕೆಳಗಿನ ಮಹಡಿಯಲ್ಲಿ ಶಾಲಾ ಮಕ್ಕಳು ನೋಡುವ ತಿಮಿಂಗಿಲದ ಮೂಳೆ, ಹುಲಿಯ ಚರ್ಮ. ಮೇಲಿನ ಮಹಡಿಯಲ್ಲಿ ಯಾರೂ ನೋಡದ ಸಾವಿರಾರು ಗಾಜಿನ ಭರಣಿಗಳು, ಸ್ಪಿರಿಟ್ ವಾಸನೆ, ಕೀಟಗಳ ಡ್ರಾಯರುಗಳು, ಒಣಗಿಸಿದ ಗಿಡಗಳ ಕಪಾಟುಗಳು. ಮ್ಯೂಸಿಯಂ ನಿಜವಾಗಿ ಇರುವುದು ಅಲ್ಲಿ. ಆ ಭರಣಿಗಳಲ್ಲಿ ಏನಿದೆ ಎಂದು ಜಗತ್ತಿಗೆ ತಿಳಿಸುತ್ತಿದ್ದದ್ದು ವರ್ಷಕ್ಕೆರಡು ಬಾರಿ ಬರಬೇಕಿದ್ದ ಒಂದು ಬುಲೆಟಿನ್.

ನಿಸರ್ಗ ಇತಿಹಾಸ ಮ್ಯೂಸಿಯಂಗಳು ಹೀಗೆ ಸ್ವಂತ ಪ್ರಕಟಣೆ ಇಟ್ಟುಕೊಳ್ಳುವುದು ಒಣ ಪ್ರತಿಷ್ಠೆಗಲ್ಲ. ಹೊಸ ಪ್ರಭೇದವೊಂದಕ್ಕೆ ಹೆಸರಿಟ್ಟಾಗ ಆ ಹೆಸರಿಗೆ ಆಧಾರವಾದ ಒಂದೇ ಒಂದು ಮಾದರಿ, ಅಂದರೆ ಹೋಲೋಟೈಪ್, ಎಲ್ಲಿದೆ ಎಂದು ಹೇಳಲೇಬೇಕು. ಭರಣಿಯೂ ಬರಹವೂ ಒಂದೇ ಸೂರಿನಡಿ ಇದ್ದರೆ ಅನುಕೂಲ. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ನೆಲ್ಸನ್ ಆನಂಡೇಲ್ 1907ರಲ್ಲಿ 'ರೆಕಾರ್ಡ್ಸ್ ಆಫ್ ದಿ ಇಂಡಿಯನ್ ಮ್ಯೂಸಿಯಂ' ಶುರುಮಾಡಿದ್ದು ಇದೇ ಲೆಕ್ಕದಲ್ಲಿ. ಅವರೇ ಮುಂದಾಳಾಗಿ 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಹುಟ್ಟಿತು. ಆ ಪತ್ರಿಕೆ ಹೆಸರು ಬದಲಿಸಿಕೊಂಡು ಈಗಲೂ ನಡೆದಿದೆ.

ನಮ್ಮ ಬುಲೆಟಿನ್ ಅಷ್ಟು ದೊಡ್ಡದಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ 300 ಪ್ರತಿ ಅಚ್ಚಾಗುತ್ತಿತ್ತು. ಮಾರಾಟ ಎಂಬುದು ಹೆಸರಿಗೆ. ಹೆಚ್ಚಿನ ಪ್ರತಿಗಳು ಹೋಗುತ್ತಿದ್ದದ್ದು ವಿನಿಮಯಕ್ಕೆ: ನಾವು ನಮ್ಮದನ್ನು ಕಳಿಸುತ್ತೇವೆ, ಬೇರೆ ಮ್ಯೂಸಿಯಂಗಳು ತಮ್ಮದನ್ನು ಕಳಿಸುತ್ತವೆ, ದುಡ್ಡಿನ ಮಾತೇ ಇಲ್ಲ. ಈ ವ್ಯವಹಾರವೆಲ್ಲ ಗ್ರಂಥಪಾಲಕಿಯೊಬ್ಬರ ಕೈಯಲ್ಲಿತ್ತು. ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಯಾವ ಊರಿಗೆ ಯಾವ ಸಂಚಿಕೆ ಯಾವಾಗ ಹೊರಟಿತು, ಅಲ್ಲಿಂದ ಏನು ಬಂತು ಎಂದು ಬರೆದಿಡುತ್ತಿದ್ದರು. ಮುದ್ರಣಾಲಯದಿಂದ ಕಟ್ಟು ಬಂದ ದಿನ ಮೊದಲ ಪ್ರತಿಯ ಮೇಲೆ ತಾರೀಖಿನ ಮೊಹರು ಒತ್ತುತ್ತಿದ್ದರು.

ಆ ಮೊಹರಿಗೆ ನಾನು ಆಗ ಬೆಲೆ ಕೊಟ್ಟಿರಲಿಲ್ಲ. ಮುಖಪುಟದಲ್ಲಿ 'ಡಿಸೆಂಬರ್' ಎಂದಿದ್ದ ಸಂಚಿಕೆ ಕೈಗೆ ಬರುತ್ತಿದ್ದದ್ದು ಮಳೆಗಾಲದಲ್ಲಿ. ಪ್ರಾಣಿನಾಮಕರಣದಲ್ಲಿ ಆದ್ಯತೆಯ ನಿಯಮ ಇದೆ: ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟರೆ ಮೊದಲು ಪ್ರಕಟವಾದದ್ದು ನಿಲ್ಲುತ್ತದೆ. ಮುಖಪುಟದ ತಾರೀಖು ಸುಳ್ಳೆಂದು ಸಾಕ್ಷಿ ಸಿಕ್ಕರೆ ನಿಜವಾಗಿ ಹೊರಬಿದ್ದ ದಿನವೇ ಲೆಕ್ಕ. ಆ ಸಾಕ್ಷಿ ಬಹುಪಾಲು ಯಾವುದೋ ಗ್ರಂಥಾಲಯದ ಇಂಥ ಮೊಹರೇ ಆಗಿರುತ್ತದೆ.

ಕಾಗದ ಬಿಟ್ಟ ನಿರ್ಧಾರ

ಮುದ್ರಣಾಲಯದ ಬಿಲ್ಲು ಏರುತ್ತಿತ್ತು, ಸಂಚಿಕೆ ಎರಡು ವರ್ಷ ಹಿಂದೆ ಬಿದ್ದಿತ್ತು. ನಿರ್ದೇಶಕರು ಒಂದು ಸಮ್ಮೇಳನ ಮುಗಿಸಿ ಬಂದವರು 'ಮುಂದಿನ ಸಂಚಿಕೆಯಿಂದ ಪೂರ್ತಿ ಆನ್‌ಲೈನ್' ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ ಹಳೆಯ ಬುಲೆಟಿನ್‌ಗಳ ಜಾಗದಲ್ಲಿ 2003ರಿಂದ ಹೊಸ ನಿಯತಕಾಲಿಕಗಳನ್ನು ತಂದು ಪ್ರಕಟಣೆಯನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ವಹಿಸಿತ್ತು. ಮುಂದೆ ಅವು ಖಾಸಗಿ ಪ್ರಕಾಶಕರ ಕೈಗೆ ಹೋದವು. ಪ್ಯಾರಿಸ್ಸಿನ ಮ್ಯೂಸಿಯಂ ಹಾಗೆ ಮಾಡದೆ ಪ್ರಕಟಣೆಯನ್ನು ತನ್ನಲ್ಲೇ ಉಳಿಸಿಕೊಂಡಿತ್ತು. 2011ರಲ್ಲಿ ಯುರೋಪಿನ ಹಲವು ಮ್ಯೂಸಿಯಂಗಳು ಒಟ್ಟುಗೂಡಿ 'ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ' ತಂದವು. ಅದರಲ್ಲಿ ಓದುವವರೂ ದುಡ್ಡು ಕೊಡಬೇಕಿಲ್ಲ, ಬರೆಯುವವರೂ ಕೊಡಬೇಕಿಲ್ಲ. ನಮ್ಮ ನಿರ್ದೇಶಕರ ಮನಸ್ಸಿನಲ್ಲಿದ್ದದ್ದು ಇದೇ ಮಾದರಿ.

ನಿರ್ಧಾರ ಕೈಗೊಂಡ ಸಭೆಯಲ್ಲಿ ಇದ್ದವರು: ನಿರ್ದೇಶಕರು, ಸಂಪಾದಕರಾಗಿದ್ದ ಕ್ಯುರೇಟರ್, ಕಂಪ್ಯೂಟರ್ ವಿಭಾಗದ ಒಬ್ಬರು, ಮತ್ತು ಪುಟವಿನ್ಯಾಸ ಮಾಡಿಕೊಡುತ್ತಿದ್ದ ನಾನು. ಗ್ರಂಥಪಾಲಕಿಯನ್ನು ಕರೆದಿರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ಕಾಗದವೇ ಇಲ್ಲದ ಮೇಲೆ ಗ್ರಂಥಾಲಯದ ಕೆಲಸ ಏನು? ಆ ಕೋಣೆಯಲ್ಲಿ ನಾಮಕರಣ ಸಂಹಿತೆಯನ್ನು, ಅಂದರೆ ಪ್ರಾಣಿಗಳಿಗೆ ಹೆಸರಿಡುವ ನಿಯಮಗಳ ಪುಸ್ತಕವನ್ನು, ತಿದ್ದುಪಡಿಗಳ ಸಮೇತ ಓದಿದವರು ಯಾರೂ ಇರಲಿಲ್ಲ. ಕ್ಯುರೇಟರ್ ಓದಿದ್ದರು, ಆದರೆ 1999ರ ಆವೃತ್ತಿಯನ್ನು.

ಜಾಲದಲ್ಲಿ ಪತ್ರಿಕೆ ನಡೆಸಲು ಪುಕ್ಕಟೆಯಾಗಿ ಸಿಗುವ ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶವನ್ನು ಸರ್ಕಾರಿ ಸರ್ವರಿನಲ್ಲಿ ಹಾಕಿದರು. ಮೂರು ತಿಂಗಳಲ್ಲಿ ಮೊದಲ ಆನ್‌ಲೈನ್ ಸಂಚಿಕೆ ಹೊರಬಂತು. ಅಷ್ಟು ಬೇಗ ಸಂಚಿಕೆ ಬಂದದ್ದು ಆ ಮ್ಯೂಸಿಯಂನ ಚರಿತ್ರೆಯಲ್ಲೇ ಇರಲಿಲ್ಲ. ಸಿಹಿ ಹಂಚಿದೆವು.

ನಾನು ತೆಗೆದ ಸಾಲು

ಆ ಸಂಚಿಕೆಯಲ್ಲಿ ಏಳು ಲೇಖನ. ಒಂದರಲ್ಲಿ ಪಶ್ಚಿಮ ಘಟ್ಟದ ಹಳ್ಳಗಳಿಂದ ಹಿಡಿದ ಏಡಿಗಳ ಒಂದು ಹೊಸ ಕುಲ (ಹತ್ತಿರದ ಸಂಬಂಧದ ಪ್ರಭೇದಗಳ ಗುಂಪು), ಮೂರು ಹೊಸ ಪ್ರಭೇದಗಳು. ಬರೆದವಳು ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದ ಸಂಶೋಧಕಿ. ನಾಲ್ಕು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ಮಾಡಿದ ಕೆಲಸ. ಇನ್ನೊಂದು ಲೇಖನದಲ್ಲಿ ಅದೇ ಮ್ಯೂಸಿಯಂನ ಸಸ್ಯ ವಿಭಾಗದವರು ವಿವರಿಸಿದ ಒಂದು ಹೊಸ ಗಿಡ.

ಇಲ್ಲಿ ನಿಯಮವನ್ನು ಸ್ವಲ್ಪ ಹೇಳಲೇಬೇಕು. ಬರೀ ಜಾಲದಲ್ಲಿ ಬಂದದ್ದನ್ನು ಪ್ರಾಣಿನಾಮಕರಣ ಸಂಹಿತೆ ಬಹಳ ಕಾಲ ಪ್ರಕಟಣೆ ಎಂದೇ ಒಪ್ಪಿರಲಿಲ್ಲ. 2009ರ ಮೇ ತಿಂಗಳಲ್ಲಿ 'ಡಾರ್ವಿನಿಯಸ್' ಎಂಬ ಪ್ರಾಚೀನ ಪ್ರೈಮೇಟ್ ಪಳೆಯುಳಿಕೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ಪಳೆಯುಳಿಕೆ ಇರುವುದು ಓಸ್ಲೋದ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿ. ಲೇಖನ ಬಂದದ್ದು ಜಾಲಪತ್ರಿಕೆಯೊಂದರಲ್ಲಿ ಮಾತ್ರ. ಟೀವಿಯಲ್ಲೆಲ್ಲ ಹೆಸರು ಮೊಳಗಿದರೂ ನಿಯಮದ ಪ್ರಕಾರ ಹೆಸರೇ ಹುಟ್ಟಿರಲಿಲ್ಲ! ಪ್ರಕಾಶಕರು ಗಡಿಬಿಡಿಯಲ್ಲಿ 50 ಪ್ರತಿ ಅಚ್ಚು ಹಾಕಿಸಿ ಹೆಸರನ್ನು ಉಳಿಸಿಕೊಂಡರು. 2012ರ ಸೆಪ್ಟೆಂಬರಿನಲ್ಲಿ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗ ಸಂಹಿತೆಗೆ ತಿದ್ದುಪಡಿ ತಂದಿತು. 2011ರ ಬಳಿಕ ಬಂದ ವಿದ್ಯುನ್ಮಾನ ಪ್ರಕಟಣೆಗೂ ಮಾನ್ಯತೆ ಸಿಕ್ಕಿತು, ಆದರೆ ಷರತ್ತುಗಳ ಮೇಲೆ: ಪ್ರಕಟಣೆಯ ತಾರೀಖು ಲೇಖನದೊಳಗೇ ಇರಬೇಕು. ಹೊರಬರುವ ಮೊದಲೇ ಅದು ಜೂಬ್ಯಾಂಕ್ ಎಂಬ ಅಧಿಕೃತ ನೋಂದಣಿಯಲ್ಲಿ ದಾಖಲಾಗಬೇಕು, ದಾಖಲಾದದ್ದಕ್ಕೆ ಪುರಾವೆ ಲೇಖನದೊಳಗೇ ಕಾಣಬೇಕು. ನೋಂದಣಿಯಲ್ಲಿ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ (ನಿಯತಕಾಲಿಕಗಳಿಗೆ, ಪುಸ್ತಕಗಳಿಗೆ ಕೊಡುವ ಗುರುತು ಸಂಖ್ಯೆ) ಇರಬೇಕು. ಲೇಖನವನ್ನು ಶಾಶ್ವತವಾಗಿ ಕಾಪಿಡುವ ಸಂಸ್ಥೆಯ ಹೆಸರೂ ಬೇಕು, ಆ ಸಂಸ್ಥೆ ಪ್ರಕಾಶಕರದ್ದೇ ಆಗಿರಕೂಡದು.

ಸಂಶೋಧಕಿ ಇದನ್ನೆಲ್ಲ ಓದಿಕೊಂಡಿದ್ದಳು. ಜೂಬ್ಯಾಂಕಿನಲ್ಲಿ ನೋಂದಾಯಿಸಿದ್ದಳು, ಬಂದ ಸಂಖ್ಯೆಯನ್ನು ಹಸ್ತಪ್ರತಿಯ ಮೊದಲ ಪುಟದ ಅಡಿಯಲ್ಲಿ ಹಾಕಿಯೂ ಇದ್ದಳು. ಅಕ್ಷರ, ಅಂಕಿ, ಅಡ್ಡಗೆರೆ ಕಲಸಿದ ಉದ್ದನೆಯ ಸಾಲು. ಎರಡು ಅಂಕಣದ ಪುಟದಲ್ಲಿ ಅದು ಒಡೆದು ಒಡೆದು ಮೂರು ಸಾಲಾಗುತ್ತಿತ್ತು, ಕೆಳಗಿನ ಚಿತ್ರವನ್ನು ನೂಕುತ್ತಿತ್ತು. ಯಾವುದೋ ತಂತ್ರಾಂಶ ಉಗುಳಿದ ಕಸ ಇರಬೇಕೆಂದು ನಾನು ಅಳಿಸಿದೆ. ಯಾರನ್ನೂ ಕೇಳಲಿಲ್ಲ. ಕರಡು ಅವಳಿಗೆ ಹೋದಾಗ ಅವಳು ಅಳತೆಗಳನ್ನು, ಚಿತ್ರಗಳನ್ನು, ಹಳ್ಳಗಳ ಅಕ್ಷಾಂಶ ರೇಖಾಂಶಗಳನ್ನು ತಿದ್ದಿದಳು. ಪುಟದಡಿಯನ್ನು ಯಾರು ನೋಡುತ್ತಾರೆ?

ಐದು ತಿಂಗಳ ಬಳಿಕ

ಅದೇ ಗುಂಪಿನ ಮೇಲೆ ಕೆಲಸ ಮಾಡುವ ವಿದೇಶದ ತಜ್ಞರೊಬ್ಬರಿಂದ ಸಂಪಾದಕರಿಗೆ ಮೇಲ್ ಬಂತು. ಮರ್ಯಾದೆಯ ಮೇಲ್, ನಾಲ್ಕೇ ಸಾಲು. ಲೇಖನ ಚೆನ್ನಾಗಿದೆ, ಆದರೆ ನೋಂದಣಿಯ ಪುರಾವೆ ಎಲ್ಲಿಯೂ ಕಾಣುತ್ತಿಲ್ಲ. ಹಾಗಿದ್ದರೆ ಈ ನಾಲ್ಕು ಹೆಸರುಗಳನ್ನು ತಾನು ಬಳಸುವ ಹಾಗಿಲ್ಲವಲ್ಲ ಎಂದು ಕೇಳಿದ್ದರು.

ಇದರ ಅರ್ಥ ಹೊರಗಿನವರಿಗೆ ಬಿಡಿಸಿ ಹೇಳುವುದು ಕಷ್ಟ. ಏಡಿ ಭರಣಿಯಲ್ಲಿದೆ. ವಿವರಣೆ, ಚಿತ್ರ ಎಲ್ಲ ಇವೆ, ಜನ ಓದಿದ್ದಾರೆ. ಆದರೂ ಪ್ರಾಣಿನಾಮಕರಣದ ಲೆಕ್ಕದಲ್ಲಿ ಆ ಹೆಸರುಗಳು ಹುಟ್ಟಿಯೇ ಇಲ್ಲ. ನಾಳೆ ಬೇರೆ ಯಾರಾದರೂ ಅದೇ ಏಡಿಗೆ ಬೇರೆ ಹೆಸರಿಟ್ಟು ಕ್ರಮಬದ್ಧವಾಗಿ ಪ್ರಕಟಿಸಿದರೆ ಅದೇ ನಿಲ್ಲುತ್ತದೆ.

ಅದೇ ಸಂಚಿಕೆಯ ಗಿಡದ ಹೆಸರಿಗೆ ಮಾತ್ರ ಕೂದಲೂ ಕೊಂಕಿರಲಿಲ್ಲ. ಸಸ್ಯನಾಮಕರಣದ ಸಂಹಿತೆಯೇ ಬೇರೆ. 2011ರಲ್ಲಿ ಮೆಲ್ಬರ್ನಿನಲ್ಲಿ ಸೇರಿದ ಸಸ್ಯವಿಜ್ಞಾನಿಗಳು 2012ರ ಜನವರಿ 1ರಿಂದ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಇರುವ ಆನ್‌ಲೈನ್ ಪಿಡಿಎಫ್ ಸಾಕು ಎಂದು ಒಪ್ಪಿದ್ದರು. ಗಿಡಗಳಿಗೆ ಮೊದಲೇ ನೋಂದಾಯಿಸುವ ಷರತ್ತಿರಲಿಲ್ಲ. ಒಂದೇ ದಿನ ಒಂದೇ ಸರ್ವರಿನಿಂದ ಹೊರಟ ಸಂಚಿಕೆಯಲ್ಲಿ ಗಿಡ ಬದುಕಿತು, ಏಡಿ ಸತ್ತಿತು. ಸಸ್ಯ ವಿಭಾಗದವರು ನಗಲಿಲ್ಲ, ಆದರೆ ಆ ವಾರವೆಲ್ಲ ಕ್ಯಾಂಟೀನಿನಲ್ಲಿ ನಮ್ಮ ಮೇಜಿನ ಕಡೆ ಬರಲೂ ಇಲ್ಲ.

ಸಂಶೋಧಕಿ ಫೋನ್ ಮಾಡಿದಳು. "ಸರ್, ಆ ಸಾಲು ನಾನು ಕಳಿಸಿದ್ದೆ ಅಲ್ವಾ?"

"ಕಳಿಸಿದ್ರಿ. ತೆಗೆದವನು ನಾನು."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಂದಿನ ತಿಂಗಳು ನನಗೆ ಇಂಟರ್‌ವ್ಯೂ ಇದೆ ಸರ್" ಎಂದಳು.

ಮೊದಲ ಮದ್ದು, ರೋಗಕ್ಕಿಂತ ಕೆಟ್ಟದ್ದು

ನಿರ್ದೇಶಕರಿಗೆ ಪರಿಹಾರ ಸರಳವಾಗಿ ಕಂಡಿತು. "ಫೈಲ್ ತಾನೆ? ಸಾಲು ಸೇರಿಸಿ ಬದಲಾಯಿಸಿಬಿಡ್ರಿ." ಶುಕ್ರವಾರ ಸಂಜೆ ನಾನು ಹಾಗೆಯೇ ಮಾಡಿದೆ. ತಾರೀಖು ಹಳೆಯದೇ, ಪುಟಸಂಖ್ಯೆ ಹಳೆಯದೇ, ಅಡಿಯಲ್ಲಿ ಮಾತ್ರ ನೋಂದಣಿ ಸಂಖ್ಯೆ. ಕಣ್ಣಿಗೆ ಎಲ್ಲ ಸರಿಹೋದಂತಿತ್ತು.

ಸೋಮವಾರ ಬೆಳಿಗ್ಗೆ ಆ ತಜ್ಞರ ಎರಡನೆಯ ಮೇಲ್. ಎರಡು ಪಿಡಿಎಫ್ ಲಗತ್ತಿಸಿದ್ದರು, ಹಳೆಯದು ಮತ್ತು ನಾವು ಬದಲಿಸಿದ್ದು. ಪ್ರಶ್ನೆ ಒಂದೇ: ಇವೆರಡರಲ್ಲಿ ಪ್ರಕಟವಾದದ್ದು ಯಾವುದು?

ಮೊದಲ ಮೇಲ್‌ನಲ್ಲಿ ನಾವು ಅಜಾಗರೂಕರಾಗಿ ಮಾತ್ರ ಕಂಡಿದ್ದೆವು. ಎರಡನೆಯದರ ಹೊತ್ತಿಗೆ ಅಪ್ರಾಮಾಣಿಕರಾಗಿದ್ದೆವು. ಈ ಪ್ರಕರಣದಲ್ಲಿ ನನಗೆ ಇಂದಿಗೂ ಮುಜುಗರ ತರುವುದು ಅಳಿಸಿದ ಸಾಲಲ್ಲ, ಆ ಶುಕ್ರವಾರದ ಸಂಜೆ. ಸುದ್ದಿ ಹೇಗೋ ಗ್ರಂಥಾಲಯಕ್ಕೂ ಮುಟ್ಟಿತು. ಗ್ರಂಥಪಾಲಕಿ ತಾವಾಗಿಯೇ ಮೇಲೆ ಬಂದರು. "ನೋಡಪ್ಪಾ," ಎಂದರು, "ಮುನ್ನೂರು ಪ್ರತಿ ಅಚ್ಚಾಗಿ ಹೊರಟ ಮೇಲೆ ನಾವು ಊರೂರಿಗೆ ಹೋಗಿ ಪುಟ ಹರಿದು ಬೇರೆ ಅಂಟಿಸಿ ಬರೋಕಾಗ್ತಿತ್ತಾ? ಆಗಲ್ಲ ಅನ್ನೋದೇ ಕಾಗದದ ಗಟ್ಟಿತನ. ಈಗ ಆಗುತ್ತೆ ಅಂತ ಮಾಡಿಬಿಟ್ರಿ."

ಆ ಮಾತಿನೊಂದಿಗೆ ಪ್ರಕರಣ ತಿರುಗಿತು. ಅಂದೇ ಹಳೆಯ ಫೈಲನ್ನು ಅದರ ಜಾಗಕ್ಕೆ ಮರಳಿಸಿದೆವು. ಬದಲಿಸಿದ ಫೈಲ್ ಮೂರು ದಿನ ಜಾಲದಲ್ಲಿತ್ತು ಎಂದು ಒಪ್ಪಿಕೊಂಡು ಕೆಳಗೆ ಟಿಪ್ಪಣಿ ಹಾಕಿದೆವು. ನಿರ್ದೇಶಕರು ಟಿಪ್ಪಣಿಗೆ ಸಹಿ ಹಾಕಲು ಎರಡು ದಿನ ತೆಗೆದುಕೊಂಡರು, ಆದರೆ ಹಾಕಿದರು. ಆ ಸಹಿಗೆ ಧೈರ್ಯ ಬೇಕಿತ್ತು.

ಅಚ್ಚೋ, ಮರುಪ್ರಕಟಣೆಯೋ

ಮುಂದಿನ ಸಲಹೆ 'ಡಾರ್ವಿನಿಯಸ್' ದಾರಿ: ಪಿಡಿಎಫ್ ಅನ್ನು ಒಂದಿಷ್ಟು ಪ್ರತಿ ಅಚ್ಚು ಹಾಕಿಸಿ ಗ್ರಂಥಾಲಯಗಳಿಗೆ ಕಳಿಸುವುದು. ಕಾಗದದ ಪ್ರಕಟಣೆಗೆ ಜೂಬ್ಯಾಂಕಿನ ಷರತ್ತಿಲ್ಲ. ಆದರೆ ಕೇಳಿದವರಿಗೆ ಒಂದೊಂದು ಪ್ರತಿ ತೆಗೆದುಕೊಟ್ಟರೆ ಸಾಲದು, ಒಂದೇ ಬಾರಿಗೆ ಹಲವು ಪ್ರತಿ ಸಿದ್ಧವಿದ್ದು ಯಾರಿಗಾದರೂ ಸಿಗುವಂತಿರಬೇಕು. ಹೆಸರು ಹುಟ್ಟುವುದು ಅಚ್ಚಾಗಿ ಹೊರಬಿದ್ದ ದಿನ. ಮುಖಪುಟದಲ್ಲಿ ಐದು ತಿಂಗಳ ಹಿಂದಿನ ತಾರೀಖು ಮುದ್ರಿಸಿದರೆ ಮತ್ತದೇ ಸುಳ್ಳು. ಗ್ರಂಥಪಾಲಕಿ ಇದನ್ನು ಹೇಳಿದಾಗ ಕ್ಯುರೇಟರ್ ಒಪ್ಪಿದರು. ಹೇಗೂ ಹೊಸ ತಾರೀಖೇ ಎಂದಾದರೆ ಸರಿಯಾಗಿಯೇ ಮಾಡೋಣ, ಹೊಸ ಟಿಪ್ಪಣಿ ಬರೆಯೋಣ ಎಂದು ತೀರ್ಮಾನವಾಯಿತು.

ಎರಡೇ ಪುಟದ ಟಿಪ್ಪಣಿ, 'ವಿವರಣೆಗೆ ಹಿಂದಿನ ಲೇಖನ ನೋಡಿ' ಎಂದರೆ ಮುಗಿಯಿತು ಎಂದು ನಾನೆಂದುಕೊಂಡಿದ್ದೆ. ಹಾಗಾಗುವುದಿಲ್ಲ. ಹಿಂದೆ ಪ್ರಕಟವಾದ ವಿವರಣೆಯನ್ನು ಉಲ್ಲೇಖಿಸಬಹುದು ನಿಜ, ಆದರೆ ಹಿಂದಿನ ಲೇಖನ 'ಪ್ರಕಟ'ವೇ ಆಗಿಲ್ಲ ಎಂಬುದೇ ತಾನೆ ನಮ್ಮ ಗೋಳು! ಹೀಗಾಗಿ ಪ್ರತಿ ಪ್ರಭೇದಕ್ಕೂ ಲಕ್ಷಣ ವಿವರಣೆ, ಇದು ಹೊಸದೆಂಬ ಸ್ಪಷ್ಟ ಮಾತು, ಹೋಲೋಟೈಪಿನ ಸಂಖ್ಯೆ, ಅದು ಯಾವ ಸಂಗ್ರಹದಲ್ಲಿದೆ ಎಂಬುದು, ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಸಂಶೋಧಕಿ ಒಂದೇ ವಾರದಲ್ಲಿ ಬರೆದುಕೊಟ್ಟಳು.

ಕಾಪಿಡುವ ಸಂಸ್ಥೆಯ ವಿಷಯದಲ್ಲಿ ಮ್ಯೂಸಿಯಂ ಹೆಚ್ಚು ಎಡವಿತು. ಸ್ವಂತ ಸರ್ವರ್ ಲೆಕ್ಕಕ್ಕಿಲ್ಲ. ಡಿಒಐ ಸಂಖ್ಯೆಗಾಗಿ, ಅಂದರೆ ಜಾಲದಲ್ಲಿ ಲೇಖನಕ್ಕೆ ಸಿಗುವ ಶಾಶ್ವತ ಗುರುತಿಗಾಗಿ, ವಿದೇಶಿ ಸಂಸ್ಥೆಗೆ ಡಾಲರಿನಲ್ಲಿ ಚಂದಾ ಕಟ್ಟಬೇಕೆಂದರೆ ಲೆಕ್ಕಪತ್ರ ವಿಭಾಗದವರು ಮೂರು ಕೊಟೇಶನ್ ಕೇಳಿದರು. ಇಂಥ ಸೇವೆಗೆ ಮೂರು ಕೊಟೇಶನ್ ತರುವುದೆಲ್ಲಿಂದ? ಕೊನೆಗೆ ಜಿನೀವಾ ಬಳಿಯ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಝೆನೊಡೊ ಎಂಬ ಜಾಲಭಂಡಾರ ಕೈಹಿಡಿಯಿತು. ಅಲ್ಲಿ ಇಡುವುದಕ್ಕೂ ದುಡ್ಡಿಲ್ಲ, ಡಿಒಐಗೂ ದುಡ್ಡಿಲ್ಲ, ಇಟ್ಟ ಫೈಲ್ ಬದಲಿಸಿದರೆ ಹಳೆಯದೂ ಆವೃತ್ತಿಯಾಗಿ ಉಳಿಯುತ್ತದೆ. ಆ ಕೊನೆಯ ಗುಣವನ್ನು ಗ್ರಂಥಪಾಲಕಿ ಕೇಳಿ ತಿಳಿದುಕೊಂಡು, "ಮೊಹರು ಸಿಕ್ತು ಬಿಡಿ" ಎಂದರು.

ಬರೆದದ್ದಾಯಿತು, ಜಾಗವೂ ಸಿಕ್ಕಿತು. ಆದರೆ ಟಿಪ್ಪಣಿಗೆ ಸಂಪಾದಕ ಸಮಿತಿಯ ಒಪ್ಪಿಗೆ ಬೇಕಿತ್ತು, ಸಮಿತಿ ಕೂಡಲು ಆರು ವಾರ ಹಿಡಿಯಿತು. ಒಬ್ಬರು ರಜೆ, ಒಬ್ಬರು ಪ್ರವಾಸ, ಒಬ್ಬರಿಗೆ ಇದು ಅಷ್ಟು ಅವಸರದ್ದೇ ಎಂಬ ಅನುಮಾನ.

ಕಳೆದುಹೋದ ಮೂರನೆಯದು

ನಾಲ್ಕನೆಯ ವಾರದಲ್ಲಿ ಬೇರೊಂದು ತಂಡ, ಘಟ್ಟದ ಆಚೆ ಮಗ್ಗುಲಿನ ಹಳ್ಳಗಳಿಂದ ಹಿಡಿದ ಒಂದು ಏಡಿಯನ್ನು ಇನ್ನೊಂದು ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವಿವರಿಸಿತು. ನೋಂದಣಿ, ತಾರೀಖು ಎಲ್ಲ ಕ್ರಮಬದ್ಧ. ಸಂಶೋಧಕಿ ಚಿತ್ರ ನೋಡಿದ ಕೂಡಲೇ ಗುರುತಿಸಿದಳು: ಅವಳ ಮೂರನೆಯ ಪ್ರಭೇದವೇ.

ಕಳ್ಳತನ ಎಂಬ ಮಾತು ಮ್ಯೂಸಿಯಂನಲ್ಲಿ ಎರಡು ದಿನ ಓಡಾಡಿತು. ಅದು ಸರಿಯಲ್ಲ. ಅವರ ಹಸ್ತಪ್ರತಿ ನಮ್ಮ ಸಂಚಿಕೆ ಬರುವ ಮೊದಲೇ ಪರಿಶೀಲನೆಯಲ್ಲಿತ್ತು. ಇನ್ನೊಬ್ಬರು ಹೆಸರಿಡಲಿದ್ದಾರೆಂದು ಗೊತ್ತಿದ್ದರೆ ಕನಿಷ್ಠ ಒಂದು ವರ್ಷ ಕಾಯಬೇಕೆಂದು ಸಂಹಿತೆಯ ನೀತಿಸೂತ್ರ ಹೇಳುತ್ತದೆ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ವಿದೇಶದ ತಜ್ಞರು ಕಾದರು. ತಮ್ಮ ಪರಿಷ್ಕರಣ ಲೇಖನವನ್ನು ತಡೆಹಿಡಿದು, ನಿಮ್ಮದು ಬರಲಿ ಎಂದರು. ಆ ಸೂತ್ರಕ್ಕೆ ದಂಡವಿಲ್ಲ, ಶಿಕ್ಷೆಯಿಲ್ಲ. ಆದರೂ ಪಾಲಿಸುವವರಿದ್ದಾರೆ.

ಟಿಪ್ಪಣಿ ಹೊರಬಂದಾಗ ಅದರಲ್ಲಿ ಒಂದು ಕುಲ, ಎರಡೇ ಹೊಸ ಪ್ರಭೇದ. ಮೂರನೆಯದಕ್ಕೆ ಅವಳು ಆ ಹಳ್ಳದ ಪಕ್ಕದ ಊರಿನ ಹೆಸರಿಟ್ಟಿದ್ದಳು, ಅದು ಹೋಯಿತು. ಆದರೆ ಆ ತಂಡ ಏಡಿಯನ್ನು ಹಳೆಯ ಕುಲವೊಂದಕ್ಕೆ ಸೇರಿಸಿತ್ತು. ಅವಳು ಅದನ್ನು ತನ್ನ ಹೊಸ ಕುಲಕ್ಕೆ ವರ್ಗಾಯಿಸಿದಳು. ಪ್ರಭೇದವನ್ನು ಬೇರೆ ಕುಲಕ್ಕೆ ಸರಿಸಿದಾಗ ಮೂಲ ಲೇಖಕರ ಹೆಸರಿಗೆ ಆವರಣ ಚಿಹ್ನೆ ಬೀಳುತ್ತದೆ. ಆ ಎರಡು ಕಂಸಗಳಲ್ಲಿ ಅವಳ ಕೆಲಸದ ಗುರುತು ಉಳಿದಿದೆ, ಬಲ್ಲವರಿಗೆ ಮಾತ್ರ. ಸಂದರ್ಶನದ ಹೊತ್ತಿಗೆ ಟಿಪ್ಪಣಿ ಬಂದಿರಲಿಲ್ಲ. ಆ ಕೆಲಸ ಸಿಗಲಿಲ್ಲ. ಅದಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ.

ಈಗ ಬದಲಾದದ್ದು

ಪುಟವಿನ್ಯಾಸಗಾರ ಲೇಖಕರ ಒಂದಕ್ಷರವನ್ನೂ ಕೇಳದೆ ಅಳಿಸುವಂತಿಲ್ಲ ಎಂಬ ನಿಯಮ ಬಂದಿದೆ. ಅದು ಮೊದಲೇ ಇರಬೇಕಿತ್ತು. ಹೊಸ ಹೆಸರಿರುವ ಲೇಖನ ಗ್ರಂಥಪಾಲಕಿಯ ಮೇಜು ದಾಟದೆ ಹೊರಡುವುದಿಲ್ಲ. ನೋಂದಣಿ ಸಂಖ್ಯೆ, ತಾರೀಖು, ಕಾಪಿಡುವ ಸಂಸ್ಥೆ ಮೂರನ್ನೂ ಸಿದ್ಧ ಪಿಡಿಎಫ್‌ನಲ್ಲೇ ನೋಡಿ ಅವರು ಸಹಿ ಮಾಡುತ್ತಾರೆ. ಹಸ್ತಪ್ರತಿಯಲ್ಲಿ ಇದ್ದದ್ದು ಫೈಲಿನಲ್ಲಿ ಇರುತ್ತದೆ ಎಂದು ನಂಬುವ ಅಭ್ಯಾಸ ನಮಗೆ ಹೋಗಿದೆ. ಅವಸರದ ತಿದ್ದುಪಡಿಗೆ ಸಮಿತಿ ಕೂಡಬೇಕಿಲ್ಲ, ಇಬ್ಬರ ಒಪ್ಪಿಗೆ ಸಾಕು. ಆ ಆರು ವಾರ ಇಲ್ಲದಿದ್ದರೆ ಮೂರನೆಯ ಹೆಸರು ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ, ಕ್ಯುರೇಟರ್ ಒಪ್ಪುವುದಿಲ್ಲ.

ನಾವು ಊಹಿಸದೇ ಇದ್ದ ಇನ್ನೊಂದು ಏಟು ನಿಧಾನವಾಗಿ ತಿಳಿಯಿತು. ಕಾಗದದ ಬುಲೆಟಿನ್ ನಿಂತಿತು ಎಂದರೆ ವಿನಿಮಯವೂ ನಿಂತಿತು. ದುಡ್ಡಿಲ್ಲದೆ ಬರುತ್ತಿದ್ದ ಹೊರದೇಶದ ಮ್ಯೂಸಿಯಂ ಪತ್ರಿಕೆಗಳು ಒಂದೊಂದಾಗಿ ಬರುವುದು ನಿಂತಿತು. ಅವುಗಳಲ್ಲಿ ಹಲವು ಜಾಲದಲ್ಲಿ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಮುದ್ರಣದಲ್ಲಿ ಉಳಿಸಿದ ದುಡ್ಡಿನ ಲೆಕ್ಕದಲ್ಲಿ ಇದನ್ನು ಯಾರೂ ಕಳೆದಿರಲಿಲ್ಲ. ಹಾಗೆಂದು ಕಾಗದಕ್ಕೆ ಮರಳಬೇಕೆಂದು ನಾನು ವಾದಿಸುವುದಿಲ್ಲ. ಹಳ್ಳದ ಪಕ್ಕದ ಊರಿನ ಮೇಷ್ಟ್ರೊಬ್ಬರು ಆ ಲೇಖನವನ್ನು ಮೊಬೈಲಿನಲ್ಲಿ ತೆರೆದು ಮಕ್ಕಳಿಗೆ ಏಡಿಯ ಚಿತ್ರ ತೋರಿಸಿದರಂತೆ. ಮುನ್ನೂರು ಪ್ರತಿಯ ಕಾಲದಲ್ಲಿ ಅದು ನಡೆಯುವ ಮಾತಲ್ಲ. ಹೊಸ ಹೆಸರುಗಳಿರುವ ಸಂಚಿಕೆಗಳನ್ನು ಮಾತ್ರ ಈಗ ಕೆಲವು ಪ್ರತಿ ಅಚ್ಚು ಹಾಕಿಸಿ ಹಳೆಯ ವಿನಿಮಯ ಪಟ್ಟಿಯ ಗ್ರಂಥಾಲಯಗಳಿಗೆ ಕಳಿಸುತ್ತಾರೆ. ಒಂದು ವರ್ಷ ಸೆಕ್ಯುರಿಟಿ ಆಡಿಟ್ ಎಂದು ಸರ್ವರನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಬುಲೆಟಿನ್ ಓದಲು ಸಿಗುತ್ತಿದ್ದದ್ದು ಝೆನೊಡೊದಲ್ಲಿ ಮತ್ತು ಆ ಕಪಾಟುಗಳಲ್ಲಿ ಮಾತ್ರ.

ಕಳೆದ ಸಲ ಹೋದಾಗ ಮೇಲಿನ ಮಹಡಿಯಲ್ಲಿ ಮೂರನೆಯ ಏಡಿಯ ಭರಣಿ ನೋಡಿದೆ. ಮ್ಯೂಸಿಯಂಗಳಲ್ಲಿ ಹಳೆಯ ಲೇಬಲ್ ಎಸೆಯುವ ಪದ್ಧತಿ ಇಲ್ಲ. ಹೊಸದನ್ನು ಅದರ ಜೊತೆಗೇ ಸ್ಪಿರಿಟ್ಟಿನೊಳಗೆ ಇಳಿಬಿಡುತ್ತಾರೆ. ಅದರಲ್ಲಿ ಮೂರಿದ್ದವು: ಹಳ್ಳದಲ್ಲಿ ಹಿಡಿದ ದಿನ ಪೆನ್ಸಿಲಿನಲ್ಲಿ ಬರೆದದ್ದು, ಹುಟ್ಟದೇ ಹೋದ ಹೆಸರಿನದ್ದು, ಕಂಸಗಳಿರುವ ಈಗಿನದ್ದು. ನಡುವಿನದರ ಹಿಂಬದಿಯಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ನೋಂದಣಿ ಸಂಖ್ಯೆಯನ್ನು ಪೂರ್ತಿ ಬರೆದಿದ್ದರು. ಆ ಚಿಕ್ಕ ಚೀಟಿಯಲ್ಲಿ ಅದು ಮೂರು ಸಾಲಾಗಿ ಒಡೆದಿತ್ತು.